ಕ್ಲಾಸಿನಲ್ಲಿ ಎಡಿಟ್ ಮಾಡಿದ ಫೋಟೋ ವೆಬ್‌ಸೈಟಿಗೆ ಹಾಕಿದರೆ ಮಂಕಾಗುತ್ತದೆ, ಕೆಲವು ಕಾಣಿಸುವುದೇ ಇಲ್ಲ. ಯಾಕೆ?

ಮುಗಿಲುಗಣ್ಣು:
ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್ ನಮಗೆ ಫೋಟೋ ಎಡಿಟಿಂಗ್ ಮತ್ತು ವೆಬ್ ಡಿಸೈನ್ ಎರಡೂ ಸೇರಿ ಒಂದೇ ಪೇಪರ್. ಮೊದಲ ಭಾಗದಲ್ಲಿ ಫೋಟೋಶಾಪ್ ಆಯಿತು. ಈಗ ಪೇಜ್ ಕಟ್ಟುವ ಎಚ್‌ಟಿಎಂಎಲ್ ಕೋಡ್, ಅದರ ಅಂದ ಸರಿಮಾಡುವ ಸಿಎಸ್‌ಎಸ್ ಕೋಡ್ ಮತ್ತು ವೆಬ್ ಪೇಜ್ ಮಾಡುವ ಸಾಫ್ಟ್‌ವೇರ್ ಡ್ರೀಮ್‌ವೀವರ್ ನಡೆಯುತ್ತಿದೆ. ಕೊನೆಗೆ ಪ್ರಾಜೆಕ್ಟ್ ಇದೆ. ನಾವೇ ತೆಗೆದ ಫೋಟೋಗಳನ್ನು ನಾವೇ ಎಡಿಟ್ ಮಾಡಿ ಒಂದು ಸಣ್ಣ ವೆಬ್‌ಸೈಟ್ ಕಟ್ಟಬೇಕು. ನಾನು ಮೋಡಗಳನ್ನು ಆರಿಸಿಕೊಂಡಿದ್ದೇನೆ.

ಎಡಿಟಿಂಗ್ ನನಗೆ ತುಂಬಾ ಇಷ್ಟವಾಗಿದೆ. ಲೇಯರ್ ಮಾಸ್ಕ್ (ಒಂದು ಪದರದ ಯಾವ ಭಾಗ ಕಾಣಬೇಕು, ಯಾವುದು ಮುಚ್ಚಬೇಕು ಅಂತ ಹೇಳುವ ಮುಸುಕು) ಅರ್ಥವಾದ ಮೇಲಂತೂ ಲ್ಯಾಬಿನಿಂದ ಎದ್ದು ಬರಲು ಮನಸ್ಸೇ ಆಗುವುದಿಲ್ಲ. ಆದರೆ ಕಷ್ಟಗಳೂ ಇವೆ. ಫೋಟೋಶಾಪಿನಲ್ಲಿ ಗಾಢವಾಗಿ ಕಾಣುವ ನೀಲಿ ಬ್ರೌಸರಿನಲ್ಲಿ ಮಂಕಾಗುತ್ತದೆ. ಪೇಜ್ ತೆರೆಯಲು ತುಂಬಾ ಹೊತ್ತು ಬೇಕು. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಫೋಟೋ ಕಾಣಿಸುತ್ತವೆ, ಅಪ್‌ಲೋಡ್ ಮಾಡಿದರೆ ಅರ್ಧ ಮಾಯ. ಇನ್ನೊಂದು, ಮನೆಯಲ್ಲಿ ಫೋಟೋಶಾಪ್ ಇಲ್ಲ. ಲ್ಯಾಬ್ ಮುಗಿದ ಮೇಲೆ ಅಭ್ಯಾಸ ಯಾವುದರಲ್ಲಿ ಮಾಡಲಿ?

ಟ್ಯಾಗ್_ಮುಚ್ಚಿ:
ಮಾಯವಾದ ಫೋಟೋಗಳ ಹೆಸರು ನೋಡಿ. ದೊಡ್ಡಕ್ಷರ, ಚಿಕ್ಕಕ್ಷರ ಕಲಸಿಹೋಗಿವೆಯಾ? ಹೆಸರಿನ ಮಧ್ಯೆ ಖಾಲಿ ಜಾಗ ಇದೆಯಾ? ವಿಂಡೋಸಿಗೆ ದೊಡ್ಡ ಎ, ಚಿಕ್ಕ ಎ ಎರಡೂ ಒಂದೇ. ಬಹಳಷ್ಟು ವೆಬ್ ಸರ್ವರ್‌ಗಳು ಲಿನಕ್ಸ್, ಅದಕ್ಕೆ ಅವೆರಡೂ ಬೇರೆ ಬೇರೆ ಫೈಲ್. ಅದಕ್ಕೇ ನಿಮ್ಮ ಹತ್ತಿರ ಕಾಣಿಸಿದ್ದು ಅಲ್ಲಿ ಕಾಣಿಸುವುದಿಲ್ಲ.

ಕರ್ಸರ್‌ಕಾವಲು:
ಇನ್ನೊಂದನ್ನೂ ನೋಡಿ. ಫೋಟೋ ವಿಳಾಸ ಸಿ ಡ್ರೈವಿನಿಂದ ಶುರುವಾಗಿದ್ದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಸಿಗುತ್ತದೆ. ಪ್ರಾಜೆಕ್ಟ್ ಫೋಲ್ಡರ್ ಒಳಗೇ ಚಿತ್ರಗಳಿಗೊಂದು ಫೋಲ್ಡರ್ ಮಾಡಿ, ಅಲ್ಲಿಂದಲೇ ದಾರಿ ಕೊಡಿ. ಊಹೆ ಮಾಡುತ್ತಾ ಕೂರಬೇಡಿ. ಬ್ರೌಸರಿನಲ್ಲಿ ಎಫ್ 12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪೇಜ್ ರೀಲೋಡ್ ಮಾಡಿ. ಸಿಗದ ಫೋಟೋ ಮುಂದೆ 404 ಅಂತ ಕೆಂಪಗೆ ಬರುತ್ತದೆ. ಬ್ರೌಸರ್ ಯಾವ ಹೆಸರನ್ನು ಹುಡುಕಿತು ಅನ್ನುವುದೂ ಅಲ್ಲೇ ಕಾಣುತ್ತದೆ.

ಹಿಸ್ಟೋಗ್ರಾಂ:
ಬಣ್ಣದ ವಿಷಯಕ್ಕೆ ಬರುತ್ತೇನೆ. ನಿಮ್ಮ ಫೈಲ್ ಅಡೋಬ್ ಆರ್‌ಜಿಬಿ ಅನ್ನುವ ಪ್ರೊಫೈಲಿನಲ್ಲಿ (ಯಾವ ಅಂಕಿ ಯಾವ ಬಣ್ಣ ಅಂತ ಹೇಳುವ ಸೂಚನೆ) ಇದೆ ಅನಿಸುತ್ತದೆ. ಕ್ಯಾಮೆರಾದಲ್ಲೇ ಹಾಗೆ ಸೆಟ್ ಆಗಿರಬಹುದು, ಅಥವಾ ಫೋಟೋಶಾಪಿನ ಕಲರ್ ಸೆಟ್ಟಿಂಗ್ಸಿನಲ್ಲಿ. ಅದರಲ್ಲಿ ವೆಬ್‌ನ ಸಾಮಾನ್ಯ ಪ್ರೊಫೈಲ್ ಆದ ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ಹಿಡಿಯುತ್ತವೆ, ಮುಖ್ಯವಾಗಿ ಹಸಿರು ಮತ್ತು ಹಸಿರು-ನೀಲಿಯ ಕಡೆ. ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಫೈಲ್ ಬಿಟ್ಟುಹೋದರೆ ಬ್ರೌಸರ್ ಅದೇ ಅಂಕಿಗಳನ್ನು ಎಸ್‌ಆರ್‌ಜಿಬಿ ಅಂದುಕೊಂಡು ತೋರಿಸುತ್ತದೆ. ಆಗಲೇ ಬಣ್ಣ ಸಪ್ಪೆಯಾಗುವುದು.

ಎಕ್ಸ್‌ಪೋರ್ಟ್ ಆಸ್ ಕಿಟಕಿಯಲ್ಲಿ ಕನ್ವರ್ಟ್ ಟು ಎಸ್‌ಆರ್‌ಜಿಬಿ ಅಂತ ಒಂದು ಟಿಕ್ ಇದೆ, ಅದನ್ನು ಹಾಕಿ. ಪ್ರೊಫೈಲ್ ಸೇರಿಸುವ ಟಿಕ್ ಕೂಡ ಹಾಕಿ. ಎಡಿಟ್ ಮೆನುವಿನಿಂದ ಮಾಡುವುದಾದರೆ ಅಸೈನ್ ಪ್ರೊಫೈಲ್ ಒತ್ತಬೇಡಿ, ಕನ್ವರ್ಟ್ ಟು ಪ್ರೊಫೈಲ್ ಒತ್ತಿ. ಅಸೈನ್ ಮಾಡಿದರೆ ಅಂಕಿ ಹಾಗೇ ಉಳಿದು ಬಣ್ಣ ಬದಲಾಗುತ್ತದೆ. ಕನ್ವರ್ಟ್ ಮಾಡಿದರೆ ಅಂಕಿ ಬದಲಾಗಿ ಬಣ್ಣ ಉಳಿಯುತ್ತದೆ.

ಪಿಕ್ಸೆಲ್_ಪುಟ್ಟಿ:
ಮುದ್ರಣದ ಬಣ್ಣಗಳ ಸಿಎಂವೈಕೆ ಮೋಡ್‌ನಲ್ಲಿ ಕೂಡ ಇಲ್ಲ ತಾನೇ? ಪ್ರಿಂಟ್ ಪಾಠದ ಫೈಲಿನಲ್ಲೇ ಮುಂದುವರಿದರೆ ಹಾಗಾಗುತ್ತದೆ.

ಮುಗಿಲುಗಣ್ಣು:
ಈಗಲೇ ನೋಡಿದೆ, ಮೋಡ್ ಆರ್‌ಜಿಬಿಯಲ್ಲೇ ಇದೆ. ಆದರೆ ಪ್ರೊಫೈಲ್ ಹಿಸ್ಟೋಗ್ರಾಂ ಅವರು ಹೇಳಿದ ಹಾಗೆ ಅಡೋಬ್ ಆರ್‌ಜಿಬಿ! ಪೇಜ್ ನಿಧಾನ ಆಗುವುದಕ್ಕೆ ಏನು ಮಾಡಲಿ? ವೆಬ್‌ಗೆ 72 ಡಿಪಿಐ ಇರಬೇಕು ಅಂತ ಕ್ಲಾಸಿನಲ್ಲಿ ಹೇಳಿದ್ದಾರೆ. 300 ಇದ್ದದ್ದನ್ನು 72 ಮಾಡಿದೆ. ಕೆಲವು ಫೋಟೋ ಚಿಕ್ಕದಾದವು, ಕೆಲವು ಹಾಗೇ ಉಳಿದವು.

ನೀಲಿಪರದೆ:
72 ಡಿಪಿಐ ಅನ್ನುವುದು ಹಳೆಯ ನಂಬಿಕೆ. ಮರೆತುಬಿಡಿ.

ಲ್ಯಾಬ್_ಮೇಷ್ಟ್ರು:
ಮರೆತುಬಿಡಿ ಅಂದರೆ ಸಾಲದು, ಆ ವಿದ್ಯಾರ್ಥಿಗೆ ಯಾಕೆ ಅಂತ ತಿಳಿಯಬೇಕು. ನಾನೂ ಇದೇ ಪಾಠ ಮಾಡುವವನು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಬ್ರೌಸರ್ ಆ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬೇಕಾದದ್ದು ಪಿಕ್ಸೆಲ್ ಎಷ್ಟು ಅಂತ ಮಾತ್ರ. ಡಿಪಿಐ ಎನ್ನುವುದು ಕಾಗದದ ಮೇಲೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಸೂಚನೆ. ಇಮೇಜ್ ಸೈಜ್ ಕಿಟಕಿಯಲ್ಲಿ ರೀಸ್ಯಾಂಪಲ್ ಅನ್ನುವ ಟಿಕ್ ಇದೆ. ಅದನ್ನು ತೆಗೆದು 300ನ್ನು 72 ಮಾಡಿದರೆ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ಟಿಕ್ ಇಟ್ಟು ಮಾಡಿದರೆ ಪಿಕ್ಸೆಲ್‌ಗಳೇ ಕಡಿಮೆಯಾಗುತ್ತವೆ. ನಿಮ್ಮ ಕೆಲವು ಫೋಟೋ ಚಿಕ್ಕದಾಗಿ ಕೆಲವು ಆಗದೇ ಇರುವುದಕ್ಕೆ ಇದೇ ಕಾರಣ.

ಈಗ ಲೆಕ್ಕ ಹಾಕಿ. 4000 ಗುಣಿಸು 3000 ಇರುವ ಫೋಟೋದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್ ಇರುತ್ತವೆ. ನಿಮ್ಮ ಪೇಜಿನಲ್ಲಿ ಅದು 800 ಗುಣಿಸು 600ರ ಜಾಗದಲ್ಲಿ ಕೂರುತ್ತದೆ ಅಂತಿಟ್ಟುಕೊಳ್ಳಿ. ಅಲ್ಲಿಗೆ ಬೇಕಾದದ್ದು 4 ಲಕ್ಷ 80 ಸಾವಿರ. ಅಂದರೆ ಬೇಕಾದದ್ದಕ್ಕಿಂತ 25 ಪಟ್ಟು ಕಳಿಸುತ್ತಿದ್ದೀರಿ. ಇವತ್ತಿನ ಮೊಬೈಲ್ ಪರದೆಗಳು ಹೆಚ್ಚು ಸಾಂದ್ರ, ಅದಕ್ಕಾಗಿ ಅಗಲವನ್ನು ಎರಡು ಪಟ್ಟು, 1600 ಇಟ್ಟುಕೊಳ್ಳಿ. ಅಷ್ಟು ಮಾಡಿದರೂ ಫೈಲ್ ತುಂಬಾ ಇಳಿಯುತ್ತದೆ.

ನೀಲಿಪರದೆ:
ಒಪ್ಪಿದೆ ಸರ್, ಚೆನ್ನಾಗಿ ಹೇಳಿದಿರಿ. ಆದರೆ ಕ್ಲಾಸಿನಲ್ಲಿ ಹೀಗೆ ಯಾಕೆ ಹೇಳುವುದಿಲ್ಲ? ಮೆನು ಒಂದೊಂದೇ ತೆರೆದು ಇದು ಇದಕ್ಕೆ, ಅದು ಅದಕ್ಕೆ ಅಂತ ಓದಿಸುತ್ತಾರೆ. ಪರೀಕ್ಷೆಯಲ್ಲಿ ಶಾರ್ಟ್‌ಕಟ್ ಕೇಳುತ್ತಾರೆ. ಡ್ರೀಮ್‌ವೀವರ್ 1997ರ ಸಾಫ್ಟ್‌ವೇರ್. ಇವತ್ತು ಅದನ್ನು ಹೇಳಿಕೊಡುವ ಬದಲು ನೇರವಾಗಿ ಕೋಡ್ ಬರೆಸಬೇಕು.

ಸೀನಿಯರ್_ಬೆಂಚು:
ನಾವು ಕಲಿಯುವಾಗ ವೆಬ್ ಅನಿಮೇಶನ್‌ಗೆ ಫ್ಲ್ಯಾಶ್ ಇತ್ತು. ಬಟನ್ ಒತ್ತಿದರೆ ಹಾರುವ ಅಕ್ಷರಗಳನ್ನು ಮಾಡಿ ಕುಣಿದಾಡಿದ್ದೆವು. 2020ರ ಕೊನೆಗೆ ಅಡೋಬ್ ಅದನ್ನು ನಿಲ್ಲಿಸಿತು. ಆದರೆ ಅಲ್ಲಿ ಕಲಿತ ಕೀಫ್ರೇಮ್, ಟೈಮ್‌ಲೈನ್, ಚಲನೆ ಎಲ್ಲಿ ನಿಧಾನವಾಗಬೇಕು ಅನ್ನುವ ಅಂದಾಜು, ಇವೆಲ್ಲ ಸಿಎಸ್‌ಎಸ್ ಅನಿಮೇಶನ್ ಮಾಡುವಾಗ ಇವತ್ತಿಗೂ ಉಪಯೋಗಕ್ಕೆ ಬರುತ್ತಿವೆ. ಹಾಗಾಗಿ ಟೂಲ್ ಹಳೆಯದು ಅಂತ ಪಾಠವನ್ನೇ ಬಿಸಾಡಬೇಡಿ.

ನೀಲಿಪರದೆ:
ಅದು ಸರಿ. ಆದರೆ ಡ್ರೀಮ್‌ವೀವರ್ ಡಿಸೈನ್ ವ್ಯೂನಲ್ಲಿ ಎಳೆದು ಬಿಟ್ಟು ಪೇಜ್ ಮಾಡಿದವರಿಗೆ ಒಳಗೆ ಏನಾಯಿತು ಅಂತ ಗೊತ್ತಾಗುವುದಿಲ್ಲ ಅಲ್ವಾ?

ಲ್ಯಾಬ್_ಮೇಷ್ಟ್ರು:
ಸ್ಪ್ಲಿಟ್ ವ್ಯೂ ಇಟ್ಟುಕೊಂಡರೆ ಗೊತ್ತಾಗುತ್ತದೆ. ಮೇಲೆ ಪೇಜ್, ಕೆಳಗೆ ಕೋಡ್. ಒಂದು ಫೋಟೋ ಎಳೆದು ಹಾಕಿದಾಗ ಕೆಳಗೆ ಯಾವ ಸಾಲು ಹುಟ್ಟಿತು ಅಂತ ನೋಡಿಸಬಹುದು. ಸಿಲಬಸ್ ನನ್ನ ಕೈಯಲ್ಲಿ ಇಲ್ಲ, ಪಾಠ ಮಾಡುವ ರೀತಿ ನನ್ನ ಕೈಯಲ್ಲಿದೆ. ಪರೀಕ್ಷೆಯಲ್ಲಿ ಶಾರ್ಟ್‌ಕಟ್ ಕೇಳುವುದಕ್ಕೆ ಮಾತ್ರ ನನ್ನ ವಿರೋಧವೂ ಇದೆ. ಪಕ್ಕದಲ್ಲಿ ಮೆನು ಇರುವಾಗ ಅದನ್ನು ಬಾಯಿಪಾಠ ಮಾಡಿಸುವುದರಲ್ಲಿ ಅರ್ಥವಿಲ್ಲ.

ಬಿಡುವಿನ_ಬ್ರಷ್:
ಮನೆಯಲ್ಲಿ ಅಭ್ಯಾಸಕ್ಕೆ ಫೋಟೋಪಿಯಾ ಸಾಕು. ಬ್ರೌಸರಿನಲ್ಲೇ ಓಡುತ್ತದೆ, ಇನ್‌ಸ್ಟಾಲ್ ಬೇಡ, ಹಣವೂ ಬೇಡ. ಮೆನು, ಟೂಲ್ ಎಲ್ಲ ಫೋಟೋಶಾಪಿನ ಹಾಗೇ ಇವೆ. ಲ್ಯಾಬಿನ ಪಿಎಸ್‌ಡಿ (ಫೋಟೋಶಾಪಿನದೇ) ಫೈಲನ್ನು ಲೇಯರ್ ಸಮೇತ ತೆರೆಯಬಹುದು.

ಕರ್ಸರ್‌ಕಾವಲು:
ಆನ್‌ಲೈನ್ ಟೂಲಿಗೆ ಫೋಟೋ ಕೊಟ್ಟರೆ ಅದು ಅವರ ಸರ್ವರಿಗೆ ಹೋಗುತ್ತದೆ. ಹುಷಾರು.

ಬಿಡುವಿನ_ಬ್ರಷ್:
ಫೋಟೋಪಿಯಾದಲ್ಲಿ ಹಾಗಲ್ಲ. ಎಡಿಟಿಂಗ್ ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಫೈಲ್ ಹೊರಗೆ ಹೋಗುವುದಿಲ್ಲ. ಬ್ಯಾಕ್‌ಗ್ರೌಂಡ್ ತೆಗೆಯುವ, ಮುಖ ನುಣುಪು ಮಾಡುವ ಬೇರೆ ಎಷ್ಟೋ ಸೈಟುಗಳಿಗೆ ನಿಮ್ಮ ಎಚ್ಚರಿಕೆ ಸರಿಯಾಗಿದೆ.

ಪಿಕ್ಸೆಲ್_ಪುಟ್ಟಿ:
ನನ್ನ ಮತ ಜಿಂಪ್ ಅನ್ನುವ ಫೋಟೋ ಎಡಿಟರಿಗೆ. 1996ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. 2025ರಲ್ಲಿ ಬಂದ 3.0ರಲ್ಲಿ ಫಿಲ್ಟರ್‌ಗಳನ್ನು ಹಾಕಿದ ಮೇಲೂ ತೆರೆದು ತಿದ್ದಬಹುದು. ಶುರುವಿನಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಕಂಟ್ರೋಲ್ ಎಸ್ ಒತ್ತಿದರೆ ಜಿಂಪ್‌ನದೇ ಎಕ್ಸ್‌ಸಿಎಫ್ ಫೈಲ್ ಆಗಿ ಮಾತ್ರ ಸೇವ್ ಆಗುತ್ತದೆ. ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು. ಕಿರಿಕಿರಿ ಅನಿಸಬಹುದು, ಆದರೆ ಅದು ಒಳ್ಳೆಯ ಅಭ್ಯಾಸವನ್ನೇ ಕಲಿಸುತ್ತದೆ.

ಹಿಸ್ಟೋಗ್ರಾಂ:
ಪುಟ್ಟಿ ಹೇಳಿದ್ದನ್ನು ಸ್ವಲ್ಪ ಬೆಳೆಸುತ್ತೇನೆ, ಯಾಕೆಂದರೆ ಮೋಡದ ಫೋಟೋಗೆ ಇದು ತುಂಬಾ ಮುಖ್ಯ. ಮೂರು ಫೈಲ್ ಇಟ್ಟುಕೊಳ್ಳಿ. ಕ್ಯಾಮೆರಾದಿಂದ ಬಂದ ಮೂಲ, ಅದನ್ನು ಮುಟ್ಟಲೇಬೇಡಿ. ಲೇಯರ್ ಇರುವ ಪಿಎಸ್‌ಡಿ ಅಥವಾ ಎಕ್ಸ್‌ಸಿಎಫ್, ಕೆಲಸ ಎಲ್ಲ ಇದರಲ್ಲೇ. ಕೊನೆಗೆ ವೆಬ್‌ಗೆ ಅಂತ ಎಕ್ಸ್‌ಪೋರ್ಟ್ ಮಾಡಿದ ಚಿಕ್ಕ ಫೈಲ್. ಅದರಲ್ಲಿ ಏನಾದರೂ ಸರಿಯಿಲ್ಲ ಅನಿಸಿದರೆ ಅದನ್ನೇ ತೆರೆದು ತಿದ್ದಬೇಡಿ. ಮಧ್ಯದ ಫೈಲಿಗೆ ಹೋಗಿ ತಿದ್ದಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ.

ಮೋಡದಲ್ಲಿ ಬಿಳಿ ತುಂಬಾ ಸೂಕ್ಷ್ಮ. ಕಪ್ಪಿನಿಂದ ಬಿಳಿಯವರೆಗೆ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ಹಿಸ್ಟೋಗ್ರಾಂ ನಕ್ಷೆ ಬಲಗಡೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಆ ಜಾಗದ ವಿವರ ಫೋಟೋ ತೆಗೆಯುವಾಗಲೇ ಹೋಗಿದೆ. ಯಾವ ಸ್ಲೈಡರ್ ಎಳೆದರೂ ಬರುವುದಿಲ್ಲ, ಬರೀ ಬೂದುಬಣ್ಣ ಸಿಗುತ್ತದೆ. ಹಾಗಾಗಿ ತೆಗೆಯುವಾಗಲೇ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಸಾಧ್ಯವಿದ್ದರೆ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೈಲ್) ತೆಗೆಯಿರಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಇದ್ದರೆ, 14 ಬಿಟ್ ರಾ ಫೈಲಿನಲ್ಲಿ 16,384 ಇರುತ್ತವೆ. ನೆರಳನ್ನು ಎತ್ತುವಾಗ, ಬಿಳಿಯನ್ನು ಇಳಿಸುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಆಕಾಶದಲ್ಲಿ ಪಟ್ಟೆ ಪಟ್ಟೆ ಬರುವುದೂ ಇದರಿಂದಲೇ. ತಿಳಿನೀಲಿಯಿಂದ ಗಾಢನೀಲಿಗೆ ನಯವಾಗಿ ಇಳಿಯಬೇಕಾದ ಜಾಗವನ್ನು ಬೆಳಕು ತಿದ್ದುವ ಕರ್ವ್ಸ್‌ನಲ್ಲಿ ಜೋರಾಗಿ ಎಳೆದರೆ ಮೆಟ್ಟಿಲುಗಳು ಕಾಣಿಸಿಕೊಳ್ಳುತ್ತವೆ. 16 ಬಿಟ್ ಮೋಡ್‌ನಲ್ಲಿ ಕೆಲಸ ಮಾಡಿ, ಕೊನೆಗೆ 8ಕ್ಕೆ ತನ್ನಿ. ವಿವರ ಎದ್ದು ಕಾಣಿಸುವ ಕ್ಲಾರಿಟಿ, ಮಂಜು ಕಳೆಯುವ ಡೀಹೇಜ್ ಸ್ಲೈಡರ್‌ಗಳನ್ನು ಪೂರ್ತಿ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಎಳೆದರೆ ಮೋಡದ ಅಂಚಿಗೆ ಬೆಳ್ಳಗೆ ಗೆರೆ ಬಂದು ಅಂಟಿಸಿದ ಹತ್ತಿಯ ಹಾಗೆ ಕಾಣುತ್ತದೆ. ಮೂಲ ಚಿತ್ರ ಮುಟ್ಟದೆ ತಿದ್ದುವ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಮಾಸ್ಕ್‌ನಲ್ಲಿ ಮೆತ್ತನೆಯ ಬ್ರಷ್ ಹಿಡಿದು ಬೇಕಾದಲ್ಲಿ ಮಾತ್ರ ತೆರೆಯಿರಿ. ಬಿಳಿ ಬಳಿದರೆ ತೋರುತ್ತದೆ, ಕಪ್ಪು ಬಳಿದರೆ ಮುಚ್ಚುತ್ತದೆ, ಬೂದು ಬಳಿದರೆ ಅರ್ಧ. ಎರೇಸರ್ ಟೂಲ್ ಇದೆ ಅನ್ನುವುದನ್ನೇ ಮರೆತರೂ ನಷ್ಟವಿಲ್ಲ.

ಮುಗಿಲುಗಣ್ಣು:
ಅಂಚಿನ ಬಿಳಿ ಗೆರೆ! ನನ್ನ ಎಲ್ಲ ಫೋಟೋದಲ್ಲೂ ಇದೆ. ಅದು ಕ್ಯಾಮೆರಾದಿಂದ ಬಂದದ್ದು ಅಂತಲೇ ಅಂದುಕೊಂಡಿದ್ದೆ. ತುಂಬಾ ಧನ್ಯವಾದ.

ಟ್ಯಾಗ್_ಮುಚ್ಚಿ:
ಜೆಪೆಗ್ ಫೈಲನ್ನು ತೆರೆದಷ್ಟೂ ಸಲ ಕ್ವಾಲಿಟಿ ಹೋಗುತ್ತದೆ, ಅದನ್ನೂ ಸೇರಿಸಿ.

ಹಿಸ್ಟೋಗ್ರಾಂ:
ಇಲ್ಲ, ತೆರೆದರೆ ಏನೂ ಹೋಗುವುದಿಲ್ಲ. ಕಾಪಿ ಮಾಡಿದರೂ ಹೋಗುವುದಿಲ್ಲ. ತಿದ್ದಿ ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದಾಗ ಹೋಗುತ್ತದೆ. ಆಗ ಚಿತ್ರವನ್ನು 8 ಗುಣಿಸು 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಸಾಡುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿದರೆ ಚೌಕಗಳೇ ಕಾಣತೊಡಗುತ್ತವೆ.

ಟ್ಯಾಗ್_ಮುಚ್ಚಿ:
ಸರಿ, ಒಪ್ಪಿದೆ. ಹಾಗಾದರೆ ಪಿಎನ್‌ಜಿ ಯಾಕೆ ಬೇಡ? ಅದರಲ್ಲಿ ಏನೂ ಹೋಗುವುದಿಲ್ಲ ಅಲ್ವಾ?

ಕರ್ಸರ್‌ಕಾವಲು:
ಹೋಗುವುದಿಲ್ಲ, ಆದರೆ ಮೋಡದ ಫೋಟೋ ಪಿಎನ್‌ಜಿಯಲ್ಲಿ ತುಂಬಾ ದೊಡ್ಡದಾಗುತ್ತದೆ. ಲೋಗೋ, ಸ್ಕ್ರೀನ್‌ಶಾಟ್, ಹಿಂದೆ ಪಾರದರ್ಶಕ ಬೇಕಾದ ಚಿತ್ರ, ಇಂಥದ್ದಕ್ಕೆ ಪಿಎನ್‌ಜಿ. ಫೋಟೋಗೆ ಜೆಪೆಗ್ ಅಥವಾ ವೆಬ್‌ಪಿ. ಗೆರೆ ಚಿತ್ರ, ಐಕಾನ್‌ಗಳಿಗೆ ಎಸ್‌ವಿಜಿ. ಜಿಫ್ ಫೋಟೋಗೆ ಬೇಡವೇ ಬೇಡ, ಅದರಲ್ಲಿ ಇರುವುದೇ 256 ಬಣ್ಣ. ನಿಮ್ಮ ಆಕಾಶ ಚೂರು ಚೂರಾಗುತ್ತದೆ.

ಸೀನಿಯರ್_ಬೆಂಚು:
ಇಷ್ಟೆಲ್ಲ ಮಾಸ್ಕ್, ಕರ್ವ್ಸ್ ಯಾಕೆ? ಈಗ ಮೋಡ ಬೇಕು ಅಂತ ಬರೆದರೆ ಎಐ ಮೋಡ ಮಾಡಿಕೊಡುತ್ತದೆ. 2023ರಿಂದ ಫೋಟೋಶಾಪ್ ಒಳಗೇ ಜನರೇಟಿವ್ ಫಿಲ್ ಇದೆ. ಕಲಿಯುವವರು ಅದನ್ನೂ ಕಲಿಯಲಿ.

ಪಿಕ್ಸೆಲ್_ಪುಟ್ಟಿ:
ಪ್ರಾಜೆಕ್ಟ್ ಇರುವುದು "ನಾವೇ ತೆಗೆದ ಫೋಟೋ" ಅಂತ. ಮೇಲೆ ಓದಿ.

ಲ್ಯಾಬ್_ಮೇಷ್ಟ್ರು:
ಫೋಟೋ ತಿದ್ದಿ ಇಲ್ಲದ್ದನ್ನು ತೋರಿಸುವುದು ಎಐ ಜೊತೆ ಬಂದದ್ದಲ್ಲ. 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಹೊಂದಲಿ ಅಂತ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಗೀಜಾದ ಪಿರಮಿಡ್‌ಗಳನ್ನು ಕಂಪ್ಯೂಟರಿನಲ್ಲಿ ಹತ್ತಿರ ಸರಿಸಿತ್ತು. ಆಗ ಫೋಟೋಶಾಪ್ ಹುಟ್ಟಿಯೇ ಇರಲಿಲ್ಲ. ಅದು ಮಾರುಕಟ್ಟೆಗೆ ಬಂದದ್ದು 1990ರಲ್ಲಿ, ಲೇಯರ್ ಬಂದದ್ದು 1994ರ 3.0ರಲ್ಲಿ. ಪಿರಮಿಡ್ ಸರಿಸಿದ್ದಕ್ಕೆ ಆಗಲೇ ದೊಡ್ಡ ಜಗಳವಾಯಿತು.

ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಇಟ್ಟಿದ್ದೇನೆ. ಬೆಳಕು, ಬಣ್ಣ, ಕ್ರಾಪ್, ಲೆನ್ಸಿನ ಧೂಳು, ಇವಕ್ಕೆ ಪೂರ್ತಿ ಸ್ವಾತಂತ್ರ್ಯ. ಚೌಕಟ್ಟಿನಲ್ಲಿ ಇಲ್ಲದ್ದನ್ನು ಸೇರಿಸಿದರೆ, ಇದ್ದದ್ದನ್ನು ತೆಗೆದರೆ, ಫೋಟೋ ಕೆಳಗೆ ಅದನ್ನು ಬರೆಯಬೇಕು. ಎಐ ಬಳಸಿದರೂ ಅಷ್ಟೇ, ಬರೆಯಬೇಕು. ಬರೆದ ಮೇಲೆ ನಾನು ಅಂಕ ಕಡಿಮೆ ಮಾಡುವುದಿಲ್ಲ.

ನೀಲಿಪರದೆ:
ಈ ನಿಯಮ ಇಷ್ಟವಾಯಿತು ಸರ್. ಮೊದಲು, ನಂತರ ಎರಡೂ ಫೋಟೋ ಪಕ್ಕಪಕ್ಕ ಹಾಕಿಸಿದರೆ ಇನ್ನೂ ಚೆನ್ನ.

ಒತ್ತಕ್ಷರ:
ನನ್ನದೊಂದು ಪ್ರಶ್ನೆ ಇಲ್ಲೇ ಕೇಳುತ್ತೇನೆ. ಫೋಟೋಶಾಪಿನಲ್ಲಿ ಫೋಟೋ ಮೇಲೆ ಕನ್ನಡದಲ್ಲಿ ಹೆಸರು ಬರೆದರೆ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂರುತ್ತವೆ. ಯಾರಿಗಾದರೂ ಗೊತ್ತಾ?

ಬಿಡುವಿನ_ಬ್ರಷ್:
ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನು ತೆರೆದು ವರ್ಲ್ಡ್ ರೆಡಿ ಲೇಔಟ್ ಆರಿಸಿ. ಜೊತೆಗೆ ನೋಟೋ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ. ಒತ್ತಕ್ಷರ ತಾನಾಗಿಯೇ ಕೆಳಗೆ ಹೋಗುತ್ತದೆ.

ಟ್ಯಾಗ್_ಮುಚ್ಚಿ:
ಆದರೆ ವೆಬ್‌ಗೆ ಅಂತಾದರೆ ಅಕ್ಷರವನ್ನು ಫೋಟೋ ಒಳಗೆ ಬರೆಯಲೇಬೇಡಿ. ಎಚ್‌ಟಿಎಂಎಲ್‌ನಲ್ಲಿ ಬರೆದು, ಸಿಎಸ್‌ಎಸ್‌ನಿಂದ ಫೋಟೋ ಮೇಲೆ ಕೂರಿಸಿ. ಆಗ ಹುಡುಕಿದರೆ ಸಿಗುತ್ತದೆ, ಚಿಕ್ಕ ಪರದೆಯಲ್ಲಿ ಓದಲು ಬರುತ್ತದೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಕೂಡ ಓದುತ್ತದೆ. ಅದೇ ಕಾರಣಕ್ಕೆ ಪ್ರತಿ ಫೋಟೋಗೂ ಆಲ್ಟ್ ಬರಹ ಕೊಡಿ. ಸುಮ್ನೆ "ಫೋಟೋ" ಅಂತ ಬರೆದರೆ ಪ್ರಯೋಜನವಿಲ್ಲ. "ಸಂಜೆ ಬೆಳಕಿನಲ್ಲಿ ಕಿತ್ತಳೆ ಅಂಚಿನ ದಟ್ಟ ಮಳೆಮೋಡ" ಅಂತ ಬರೆದರೆ ನೋಡಲಾಗದವರಿಗೂ ಅಲ್ಲಿ ಏನಿದೆ ಅಂತ ತಿಳಿಯುತ್ತದೆ.

ಒತ್ತಕ್ಷರ:
ಸರಿಹೋಯಿತು! ಥ್ಯಾಂಕ್ಸ್.

ಮುಗಿಲುಗಣ್ಣು:
ಇವತ್ತು ಲ್ಯಾಬಿನಲ್ಲಿ ಕೂತು ಎಲ್ಲ ಮಾಡಿದೆ. ಮಾಯವಾದ ಫೋಟೋಗಳ ಕಾರಣ ಟ್ಯಾಗ್_ಮುಚ್ಚಿ ಹೇಳಿದ್ದೇ. ಕ್ಯಾಮೆರಾ ಫೈಲ್ ಹೆಸರಿನ ಕೊನೆಯ ಜೆಪಿಜಿ ದೊಡ್ಡಕ್ಷರದಲ್ಲಿತ್ತು, ಕೋಡ್‌ನಲ್ಲಿ ಚಿಕ್ಕಕ್ಷರ. ಎಲ್ಲವನ್ನೂ ಚಿಕ್ಕಕ್ಷರ ಮಾಡಿದ ಮೇಲೆ ಬಂದವು. ಅಗಲ 1600ಕ್ಕೆ ಇಳಿಸಿ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿದೆ. ಪೇಜ್ ಈಗ ಥಟ್ಟನೆ ತೆರೆಯುತ್ತದೆ, ನೀಲಿಯೂ ನೀಲಿಯಾಗಿಯೇ ಇದೆ. ನಮ್ಮ ಮೇಡಂ ನೋಡಿ ರೀಸ್ಯಾಂಪಲ್ ವಿಷಯವನ್ನು ಇಡೀ ಕ್ಲಾಸಿಗೆ ತೋರಿಸಿದರು.

ಇನ್ನು ಎರಡು ಉಳಿದಿವೆ. ಫೋಟೋಗಳು ಒಂದೊಂದೇ ಬರುವಾಗ ಕೆಳಗಿನ ಬರಹ ದಡ್ ಅಂತ ಕೆಳಕ್ಕೆ ಜಾರುತ್ತದೆ. ಮತ್ತೆ ಮೊದಲ ಪೇಜಿನ ದೊಡ್ಡ ಮೋಡದ ಮೇಲೆ ಬಿಳಿ ಅಕ್ಷರ ಹಾಕಿದ್ದೇನೆ, ಓದಲು ಆಗುತ್ತಿಲ್ಲ. ಫೋಟೋವನ್ನೇ ಕಪ್ಪಾಗಿಸಲು ಮನಸ್ಸಿಲ್ಲ.

ಕರ್ಸರ್‌ಕಾವಲು:
ಜಾರುವುದಕ್ಕೆ: ಇಮೇಜ್ ಟ್ಯಾಗಿನಲ್ಲಿ ವಿಡ್ತ್, ಹೈಟ್ ಎರಡನ್ನೂ ಬರೆಯಿರಿ. ಫೋಟೋ ಬರುವ ಮೊದಲೇ ಬ್ರೌಸರ್ ಜಾಗ ಬಿಟ್ಟಿರುತ್ತದೆ. ಸಿಎಸ್‌ಎಸ್‌ನಲ್ಲಿ ಮ್ಯಾಕ್ಸ್ ವಿಡ್ತ್ 100 ಪರ್ಸೆಂಟ್, ಹೈಟ್ ಆಟೋ ಇರಲಿ. ಇಲ್ಲದಿದ್ದರೆ ಮೊಬೈಲಿನಲ್ಲಿ ಮೋಡ ಹಿಗ್ಗಿದ ಹಾಗೆ ಕಾಣುತ್ತದೆ. ಕೆಳಗಿನ ಫೋಟೋಗಳಿಗೆ ಲೋಡಿಂಗ್ ಲೇಜಿ (ಓದುತ್ತಾ ಹತ್ತಿರ ಬಂದಾಗ ಮಾತ್ರ ತಾ ಅನ್ನುವ ಸೂಚನೆ) ಅಂತ ಕೊಡಿ. ಮೊದಲ ದೊಡ್ಡ ಫೋಟೋಗೆ ಮಾತ್ರ ಕೊಡಬೇಡಿ, ಅದು ಬೇಗ ಬರಬೇಕು.

ಟ್ಯಾಗ್_ಮುಚ್ಚಿ:
ಅಕ್ಷರಕ್ಕೆ: ಫೋಟೋ ಮುಟ್ಟುವುದು ಬೇಡ. ಸಿಎಸ್‌ಎಸ್‌ನಲ್ಲಿ ಅಕ್ಷರದ ಹಿಂದೆ ಮಾತ್ರ ಒಂದು ಗ್ರೇಡಿಯಂಟ್ ಹಾಕಿ, ಕೆಳಗೆ ಅರೆಪಾರದರ್ಶಕ ಕಪ್ಪು, ಮೇಲಕ್ಕೆ ಹೋದಂತೆ ಏನೂ ಇಲ್ಲದ ಹಾಗೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಶೀರ್ಷಿಕೆಗೆ 3ಕ್ಕೆ 1 ಸಾಕು. ಅಳೆಯುವಾಗ ಮೋಡದ ತೀರಾ ಬೆಳ್ಳಗಿನ ಜಾಗವನ್ನೇ ಆರಿಸಿ. ಅಲ್ಲಿ ಪಾಸಾದರೆ ಎಲ್ಲ ಕಡೆ ಪಾಸು.

ಪಿಕ್ಸೆಲ್_ಪುಟ್ಟಿ:
ಸೈಟಿನ ಕೊಂಡಿಯನ್ನು ಎಲ್ಲರಿಗೂ ಕೊಡುವ ಮೊದಲು ಇನ್ನೊಂದು ಕೆಲಸ. ಮೊಬೈಲಿನಲ್ಲಿ ತೆಗೆದ ಫೋಟೋ ಇದ್ದರೆ ಅದರೊಳಗೆ ತೆಗೆದ ಜಾಗದ ಜಿಪಿಎಸ್ ಅಡಗಿರಬಹುದು. ಮನೆ ಟೆರೇಸ್ ಮೇಲಿಂದ ತೆಗೆದಿದ್ದರೆ ನಿಮ್ಮ ಮನೆಯ ಜಾಗವೇ ಹೊರಗೆ ಹೋಗುತ್ತದೆ. ಎಕ್ಸ್‌ಪೋರ್ಟ್ ಆಸ್ ಕಿಟಕಿಯಲ್ಲಿ ಮೆಟಾಡೇಟಾ (ಫೋಟೋದೊಳಗೆ ಅಡಗಿರುವ ಮಾಹಿತಿ) ಅನ್ನುವಲ್ಲಿ ನನ್, ಅಂದರೆ ಏನೂ ಬೇಡ, ಅಂತ ಆರಿಸಿ.

ಮುಗಿಲುಗಣ್ಣು:
ಅಯ್ಯೋ, ಅರ್ಧಕ್ಕರ್ಧ ಟೆರೇಸ್ ಮೇಲಿಂದಲೇ ತೆಗೆದದ್ದು. ಹಾಕಿರುವ ಫೋಟೋಗಳನ್ನು ಈಗಲೇ ಇಳಿಸುತ್ತೇನೆ. ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ, ಗ್ರೇಡಿಯಂಟ್ ಸರಿಮಾಡಿ ಆಮೇಲೆ ಕೊಂಡಿ ಹಾಕುತ್ತೇನೆ.

ಹಿಸ್ಟೋಗ್ರಾಂ:
ಹಾಕಿ. ಒಂದು ಫೋಟೋದ ಮೊದಲು, ನಂತರ ಎರಡನ್ನೂ ತೋರಿಸಿ, ಆ ಬಿಳಿ ಗೆರೆ ಹೋಗಿದೆಯಾ ನೋಡೋಣ.